ದೊಡ್ಡ ಸ್ಕ್ರೀನ್ ಬರುವ ಮುಂಚಿನ ಮೂರು ಎಲೆಕ್ಟ್ರಿಕ್ ಕಾರು: ಹುಬ್ಬಳ್ಳಿ-ಧಾರವಾಡದ ಬಿಸಿಲಿಗೆ ಯಾವುದು ಒಗ್ಗುತ್ತದೆ?

ಟಾಟಾ ನೆಕ್ಸಾನ್ ಇವಿ ಬಂದದ್ದು 2020ರ ಜನವರಿಯಲ್ಲಿ. ಅದರ ಡ್ಯಾಶ್‌ಬೋರ್ಡ್ ಪೂರ್ತಿ ಬದಲಾಗಲು 2023ರ ಸೆಪ್ಟೆಂಬರ್ ಬರಬೇಕಾಯಿತು. ಎಂಜಿ ಜಡ್‌ಎಸ್ ಇವಿ ಕೂಡ 2020ರ ಜನವರಿಯದೇ, ಒಳಗಿನ ಸುಧಾರಣೆ 2022ರ ಮಾರ್ಚ್‌ನಲ್ಲಿ ಆಯಿತು. ಮಹೀಂದ್ರಾ ಎಕ್ಸ್‌ಯುವಿ400ರ ಪಾಡು ಬೇರೆ. 2023ರ ಜನವರಿಯಲ್ಲಿ ಮಾರಾಟಕ್ಕೆ ಬಂದ ಗಾಡಿಯನ್ನು ಮರುವರ್ಷದ ಜನವರಿಯಲ್ಲೇ ‘ಪ್ರೊ’ ಎಂಬ ಹೊಸ ಮಾದರಿ ಬಂದು ಹಳತು ಮಾಡಿಬಿಟ್ಟಿತು.

ಈ ಮೂರರ ಹಳೆ ಒಳಾಂಗಣದ ಗಾಡಿಗಳೇ ಈಗ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಕೈಗೆಟಕುವವು. ಮಾರುವವರು ತೋರಿಸುವುದು ಸನ್‌ರೂಫ್, ಕೊಳ್ಳುವವರು ನೋಡುವುದು ಸ್ಕ್ರೀನ್. ಎರಡೂ ತಪ್ಪು ಜಾಗ. ಹಳೆ ಇವಿಯಲ್ಲಿ ಇಲ್ಲದ ಸೌಕರ್ಯಗಳನ್ನು ಮೂರು ಗುಂಪು ಮಾಡಿಕೊಂಡು ನೋಡಬೇಕು: ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಕೂಡಿಸಬಹುದಾದದ್ದು, ಸಾಫ್ಟ್‌ವೇರ್‌ನಿಂದ ಬರುವುದು, ಏನು ಮಾಡಿದರೂ ಬಾರದ್ದು. ಬೆಲೆ ಕಟ್ಟಬೇಕಾದದ್ದು ಈ ಮೂರನೆಯ ಗುಂಪಿಗೆ.

ಓಡಿಸಿ ನೋಡಿದ ದಾರಿ ಎರಡು. ಹುಬ್ಬಳ್ಳಿಯಿಂದ ಉಣಕಲ್, ನವನಗರ ದಾಟಿ ಧಾರವಾಡದ ಜುಬಿಲಿ ಸರ್ಕಲ್‌ವರೆಗೆ ಸಿಗ್ನಲ್ಲಿಗೊಮ್ಮೆ ನಿಂತು ಹೋಗುವ ರಸ್ತೆ ಒಂದು. ಅಣ್ಣಿಗೇರಿ ಮೇಲೆ ಗದಗಕ್ಕೆ ನೆರಳೇ ಇಲ್ಲದ ಎರಿಭೂಮಿಯ ರಸ್ತೆ ಇನ್ನೊಂದು. ಹೊತ್ತು ಮಟಮಟ ಮಧ್ಯಾಹ್ನ, ಹಿಂದಿನ ಸೀಟು ಭರ್ತಿ.

ಹಿಂದಿನ ಸೀಟಿನ ಗಾಳಿ

‘ಮುಂದ ಕುಂತವ್ರಿಗೆ ಥಂಡಿ, ಹಿಂದ ಕುಂತವ್ರಿಗೆ ಧಗಿ’ ಎಂಬ ದೂರಿಗೆ ಇಲ್ಲಿ ಎರಡು ಗಾಡಿ ಸಿಗುತ್ತವೆ. 2020-21ರ ಜಡ್‌ಎಸ್‌ಗೆ ಹಿಂದೆ ಎಸಿ ವೆಂಟ್ ಇಲ್ಲ, ಆಟೊಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಕೂಡ ಇಲ್ಲ. ಇಪ್ಪತ್ತು ಲಕ್ಷ ದಾಟಿದ ಬೆಲೆಯಲ್ಲಿ ಬಂದ ಕಾರು ಇದು ಎಂಬುದು ನೆನಪಿರಲಿ. ಹಿಂದಿನ ವೆಂಟ್, ನಡುವಿನ ಆರ್ಮ್‌ರೆಸ್ಟ್, 10.1 ಇಂಚಿನ ಸ್ಕ್ರೀನ್ ಎಲ್ಲ ಬಂದದ್ದು 2022ರ ಗಾಡಿಗೆ. ಮೊದಲ ಎಕ್ಸ್‌ಯುವಿ400ರದೂ ಅದೇ ಕಥೆ. ಮೂರರಲ್ಲಿ ಹಿಂದಿನ ಸೀಟು ಅತಿ ಅಗಲವಿರುವುದು ಇದರಲ್ಲೇ, ಮೂವರು ಭುಜ ತಾಗಿಸದೆ ಕೂಡಬಹುದು, ಗಾಳಿ ಮಾತ್ರ ಮುಂದಿನಿಂದಲೇ ಬರಬೇಕು. ಪ್ರೊ ಬಂದಾಗ ಹಿಂದಿನ ವೆಂಟ್ ಮತ್ತು ಡ್ಯುಯಲ್ ಜೋನ್ ಎಸಿ ಕೊಟ್ಟರು. ಹಳೆ ನೆಕ್ಸಾನ್‌ನ ಎಕ್ಸ್‌ಜಡ್ ಪ್ಲಸ್ ಮಾದರಿಯಲ್ಲಿ ಹಿಂದಿನ ವೆಂಟ್ ಮೊದಲಿನಿಂದಲೂ ಇದೆ. ಅಗಲ ಕಡಿಮೆಯಾದರೂ ಗದಗ ರಸ್ತೆಯಲ್ಲಿ ಹಿಂದೆ ಕೂತವರು ಗೊಣಗದೆ ಇಳಿದದ್ದು ಇದರಿಂದ ಮಾತ್ರ.

ವೆಂಟನ್ನು ಆಮೇಲೆ ಹಾಕಿಸಿಕೊಳ್ಳಲು ಆಗುವುದಿಲ್ಲವೇ? ಆಗುವುದಿಲ್ಲ. ಅದು ಬರೀ ಪ್ಲಾಸ್ಟಿಕ್ ಜಾಲರಿಯಲ್ಲ. ಎಸಿ ಪೆಟ್ಟಿಗೆಯಿಂದಲೇ ಒಂದು ಕೊಳವೆ ಹೊರಟು ನಡುವಿನ ಕನ್ಸೋಲ್ ಒಳಗಿನಿಂದ ಹಿಂದೆ ಬರಬೇಕು. ಆ ದಾರಿಯೇ ಇಲ್ಲದ ಗಾಡಿಗೆ ಜಾಲರಿ ಹಾಕಿ ಏನು ಮಾಡುವುದು! ವೆಂಟ್ ಇಲ್ಲದ ಗಾಡಿ ಇದ್ದವರಿಗೆ ಉಳಿದ ಉಪಾಯ ಇಷ್ಟು: ನಡುವಿನ ಎರಡು ವೆಂಟ್‌ಗಳ ರೆಕ್ಕೆಗಳನ್ನು ಮೇಲಕ್ಕೆತ್ತಿ ಗಾಳಿ ಚಾವಣಿಗುಂಟ ಹಿಂದೆ ಹರಿಯುವಂತೆ ಮಾಡಿ, ರಿಸರ್ಕ್ಯುಲೇಷನ್ ಒತ್ತಿ, ಫ್ಯಾನನ್ನು ಒಂದು ಹಂತ ಹೆಚ್ಚಿಡಿ. ಸೀಟಿನ ತಲೆದಿಂಬಿಗೆ ಸಿಕ್ಕಿಸುವ ಯುಎಸ್‌ಬಿ ಫ್ಯಾನ್ ಕೂಡ ಪರವಾಗಿಲ್ಲ, ಆದರೆ ಅದು ತಂಪು ಕೊಡುವುದಿಲ್ಲ, ಇದ್ದ ತಂಪನ್ನು ತಳ್ಳುತ್ತದೆ. ಜಡ್‌ಎಸ್‌ನ ಮೇಲಿನ ಮಾದರಿ ಎಕ್ಸ್‌ಕ್ಲೂಸಿವ್‌ನ ದೊಡ್ಡ ಗಾಜಿನ ಚಾವಣಿಗೆ ಮಾರ್ಚಿಯಿಂದ ಮೇ ತನಕ ಒಳಪರದೆ ಎಳೆದೇ ಇಡಬೇಕು.

ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಜಡ್‌ಎಸ್ ಮತ್ತು ಮೊದಲ ಎಕ್ಸ್‌ಯುವಿ400ರ ಒಳಗೆ ಎಲ್ಲ ಕಪ್ಪು, ಬಿಸಿಲಲ್ಲಿ ನಿಂತು ಬಂದರೆ ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ನೆಕ್ಸಾನ್‌ನ ತಿಳಿ ಬಣ್ಣದ ಸೀಟು ಬೇಗ ತಣಿಯುತ್ತದೆ, ಆದರೆ ಎರಿಮಣ್ಣಿನ ಕಲೆ ಎದ್ದು ಕಾಣುತ್ತದೆ. ಪಿಯಾನೋ ಕಪ್ಪಿನ ಹೊಳಪು ಪಟ್ಟಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಈ ಕಡೆಯ ಧೂಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಒದ್ದೆ ಮೈಕ್ರೋಫೈಬರ್ ಮಾತ್ರ ಬಳಸಿ.

ಎಸಿ ಎಂದರೆ ಬರೀ ಎಸಿಯಲ್ಲ

ಮೂರೂ ಗಾಡಿಗಳ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇದೆ. ಆ ದ್ರವವನ್ನು ಬಿಸಿಲಲ್ಲಿ ತಣಿಸುವುದು ಕ್ಯಾಬಿನ್ನನ್ನು ತಣಿಸುವ ಎಸಿ ಗ್ಯಾಸೇ. ಹಾಗಾಗಿ ಎಸಿ ಸೊರಗಿದ್ದರೆ ಬೇಸಿಗೆಯಲ್ಲಿ ಫಾಸ್ಟ್ ಚಾರ್ಜಿಂಗ್ ವೇಗವೂ ಇಳಿಯುತ್ತದೆ. ‘ಗ್ಯಾಸ್ ಹಾಕಿದ್ರ ಸರಿ ಆಗ್ತದ ಬಿಡ್ರಿ’ ಎನ್ನುವ ಮಾತಿಗೆ ಒಪ್ಪಬೇಡಿ. ಗ್ಯಾಸ್ ಸೋರಿದ್ದು ಎಲ್ಲಿ ಎಂದು ಗೊತ್ತಾಗಬೇಕು. ಇವಿಯ ಕಂಪ್ರೆಸರ್ ಹೈ ವೋಲ್ಟೇಜ್‌ನದು, ಅದಕ್ಕೆ ಕರೆಂಟ್ ಹರಿಯಗೊಡದ ಪಿಒಇ ಎಣ್ಣೆಯೇ ಆಗಬೇಕು. ಪೆಟ್ರೋಲ್ ಕಾರಿಗೆ ಬಳಸುವ ಪಿಎಜಿ ಎಣ್ಣೆ ತುಂಬಿದರೆ ಇನ್ಸುಲೇಷನ್ ಕೆಟ್ಟು ಗಾಡಿ ಎಚ್ಚರಿಕೆ ತೋರಿಸಿ ನಿಲ್ಲಬಹುದು. ರಸ್ತೆಬದಿ ಎಸಿ ಅಂಗಡಿ ಈ ಗಾಡಿಗಳಿಗಲ್ಲ.

ಪರೀಕ್ಷೆ ಹೀಗೆ ಮಾಡಿ. ಮಧ್ಯಾಹ್ನ ಒಂದು ತಾಸು ಬಿಸಿಲಲ್ಲಿ ನಿಲ್ಲಿಸಿದ ಗಾಡಿಗೆ ನಾಲ್ಕು ಜನ ಹತ್ತಿ, ಕಿಟಕಿ ಎರಡು ನಿಮಿಷ ತೆರೆದು ಬಿಸಿ ಗಾಳಿ ಹೊರಹಾಕಿ, ಆಮೇಲೆ ಎಸಿಯ ತಾಪಮಾನ ಪೂರ್ತಿ ಕೆಳಗಿಳಿಸಿ ಹೊರಡಿ. ಹದಿನೈದು ನಿಮಿಷಕ್ಕೆ ಹಿಂದಿನ ಸೀಟಿನವರ ಮುಖದ ಮಟ್ಟದಲ್ಲಿ ಥರ್ಮಾಮೀಟರ್ ಹಿಡಿಯಿರಿ. ಕೆಲಸದ ಸಾಮಾನು ಅದೊಂದೇ, ಬ್ರೋಷರ್ ಅಲ್ಲ.

ಸ್ಕ್ರೀನ್: ಚಿಕ್ಕದಾದರೂ ಹಾಗೇ ಇರಲಿ

ನೆಕ್ಸಾನ್ ಮತ್ತು ಎಕ್ಸ್‌ಯುವಿ400ರದು 7 ಇಂಚು, ಜಡ್‌ಎಸ್‌ನದು 8 ಇಂಚು. ಮೂರಕ್ಕೂ ವೈರ್ ಹಾಕಿದ ಆಂಡ್ರಾಯ್ಡ್ ಆಟೊ, ಕಾರ್‌ಪ್ಲೇ ಬರುತ್ತದೆ. ವೈರ್ ಬೇಸರವೆನಿಸಿದರೆ ಯುಎಸ್‌ಬಿಗೆ ಚುಚ್ಚುವ ವೈರ್‌ಲೆಸ್ ಡಾಂಗಲ್ ಸಾಕು, ಅಲ್ಲಿಗೆ ಮುಗಿಸಿ.

ಮೂಲ ಸ್ಕ್ರೀನ್ ತೆಗೆಸಿ 10 ಇಂಚಿನದು ಕೂಡಿಸುವ ಆಸೆಯೇ ಹೆಚ್ಚು ಗಾಡಿ ಕೆಡಿಸಿದೆ. ಹೊಸ ಸ್ಕ್ರೀನಿಗೆ ಸದಾ ಕರೆಂಟ್ ಸಿಗಲಿ ಎಂದು ಅಂಗಡಿಯವರು 12 ವೋಲ್ಟ್ ಬ್ಯಾಟರಿಯಿಂದ ನೇರ ವೈರ್ ಎಳೆಯುತ್ತಾರೆ. ಗಾಡಿ ನಿಂತಾಗಲೂ ಅದು ಸ್ವಲ್ಪ ಸ್ವಲ್ಪ ಹೀರುತ್ತದೆ, ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಚಿಕ್ಕ ಬ್ಯಾಟರಿ ಸತ್ತಿರುತ್ತದೆ. ದೊಡ್ಡ ಬ್ಯಾಟರಿಯ ಸಂಪರ್ಕ ಕೂಡಿಸುವ ಕಾಂಟ್ಯಾಕ್ಟರ್ ನಡೆಯುವುದು ಈ 12 ವೋಲ್ಟ್‌ನಿಂದಲೇ. ದೊಡ್ಡ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೂ ಗಾಡಿ ‘ರೆಡಿ’ ಎನ್ನುವುದಿಲ್ಲ. ಜೊತೆಗೆ ಗಾಡಿಯ ಸೆಟಿಂಗ್ಸ್, ಹಿಂದಿನ ಕ್ಯಾಮೆರಾ ಎಲ್ಲ ಮೂಲ ಸ್ಕ್ರೀನಿನೊಡನೆ ಹೆಣೆದುಕೊಂಡಿವೆ. ವೈರ್ ಕತ್ತರಿಸಿದ್ದು ಕಂಡರೆ ವಾರಂಟಿ ಮಾತು ಅಲ್ಲಿಗೇ ನಿಲ್ಲುತ್ತದೆ. ಎಕ್ಸ್‌ಯುವಿ400 ಪ್ರೊದ 10.25 ಇಂಚಿನ ಜೋಡಿ ಸ್ಕ್ರೀನ್ ಹಳೆಯದಕ್ಕೆ ಕೂಡುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಅಲ್ಲಿ ಡ್ಯಾಶ್‌ಬೋರ್ಡೇ ಬೇರೆ.

ಮಾರಾಟಕ್ಕಿರುವ ಗಾಡಿಯಲ್ಲಿ ಹೊರಗಿನ ಸ್ಕ್ರೀನ್ ಕಂಡರೆ ಮೂಲದ್ದು ಎಲ್ಲಿ ಎಂದು ಕೇಳಿ. ಅದು ಇಲ್ಲವಾದರೆ ಆ ಗಾಡಿ ಬಿಡಿ.

ದಪ್ಪ ಸೀಟ್ ಕವರ್ ವಿಷಯವೂ ಇಂಥದ್ದೇ. ಜಡ್‌ಎಸ್ ಎಕ್ಸ್‌ಕ್ಲೂಸಿವ್ ಮತ್ತು ಎಕ್ಸ್‌ಯುವಿ400ರ ಮೇಲಿನ ಮಾದರಿ ಇಎಲ್‌ಗೆ ಆರು ಏರ್‌ಬ್ಯಾಗ್. ಪಕ್ಕದ ಏರ್‌ಬ್ಯಾಗ್ ಸೀಟಿನೊಳಗಿಂದಲೇ ಸಿಡಿಯಬೇಕು, ಸುತ್ತ ಹೊಲಿದ ಕವರ್ ಅದನ್ನು ತಡೆಯುತ್ತದೆ. ಪಕ್ಕ ತೆರೆದ ಕವರ್ ಸಿಕ್ಕರಷ್ಟೇ ಹಾಕಿ. ಹಳೆ ನೆಕ್ಸಾನ್‌ಗೆ ಏರ್‌ಬ್ಯಾಗ್ ಎರಡೇ, ಹಿಂದೆ ಡ್ರಮ್ ಬ್ರೇಕ್. ಇವೆರಡೂ ‘ಏನು ಮಾಡಿದರೂ ಬಾರದ’ ಗುಂಪಿನವು.

ಸಾಫ್ಟ್‌ವೇರ್‌ನಿಂದ ಬಂದದ್ದು

ಇಲ್ಲಿ ನೆಕ್ಸಾನ್ ಒಂದು ಕೈ ಮೇಲು. 2022ರ ಜುಲೈನಲ್ಲಿ ‘ಪ್ರೈಮ್’ ಮಾದರಿ ತಂದಾಗ ಟಾಟಾ ಹಳೆ ಗಾಡಿಗಳಿಗೂ ಕ್ರೂಸ್ ಕಂಟ್ರೋಲ್, ಹಂತಹಂತದ ರೀಜೆನ್ (ವೇಗ ಇಳಿಯುವಾಗ ಕರೆಂಟನ್ನು ಬ್ಯಾಟರಿಗೆ ಮರಳಿಸುವುದು), ಟೈರ್ ಗಾಳಿಯ ಸೂಚನೆಯನ್ನು ಸಾಫ್ಟ್‌ವೇರ್ ಮೂಲಕ ಕೊಟ್ಟಿತು. ಕೊಳ್ಳುವ ಗಾಡಿಗೆ ಅದು ಆಗಿದೆಯೇ ಎಂದು ಷಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಹುಬ್ಬಳ್ಳಿ-ಧಾರವಾಡ ನಡುವಿನ ನಿಂತು ನಡೆಯುವ ಓಟದಲ್ಲಿ ರೀಜೆನ್ ಹಂತ ಇದ್ದದ್ದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಬಲಗಾಲಿಗೆ ಗೊತ್ತಾಗುತ್ತದೆ. ವೆಂಟಿಲೇಟೆಡ್ ಸೀಟು, ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಮಾತ್ರ ಸಾಫ್ಟ್‌ವೇರ್‌ನಿಂದ ಬಾರವು. ಅವು ಬೇಕಿದ್ದರೆ 2022ರ ಮೇನಲ್ಲಿ ಬಂದ 40.5 ಯೂನಿಟ್ ಬ್ಯಾಟರಿಯ ನೆಕ್ಸಾನ್ ಮ್ಯಾಕ್ಸ್‌ನ ಮೇಲಿನ ಮಾದರಿ ಹುಡುಕಿ. ಡ್ಯಾಶ್‌ಬೋರ್ಡ್ ಹಳೆಯದೇ ಆದರೂ ಕೂರುವ ಸುಖ ಹೊಸದರದು.

ಮೂರಕ್ಕೂ ಮೊಬೈಲ್ ಆ್ಯಪ್ ಇದೆ. ಹೊರಡುವ ಹತ್ತು ನಿಮಿಷ ಮುಂಚೆ, ಚಾರ್ಜರ್ ಚುಚ್ಚಿರುವಾಗಲೇ ಎಸಿ ಹಚ್ಚಿದರೆ ತಂಪು ಮಾಡುವ ಖರ್ಚು ಮನೆಯ ಕರೆಂಟಿನ ಲೆಕ್ಕಕ್ಕೆ ಹೋಗುತ್ತದೆ, ಬ್ಯಾಟರಿಯದಕ್ಕಲ್ಲ. ಆದರೆ ಹಳೆ ಮಾಲೀಕರ ಖಾತೆಯಿಂದ ಗಾಡಿ ಬಿಡಿಸಿಕೊಳ್ಳದಿದ್ದರೆ ನಿಮ್ಮ ಕಾರು ಎಲ್ಲಿದೆ ಎಂದು ಅವರ ಮೊಬೈಲಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಹಣ ಕೊಡುವ ದಿನವೇ ಇದನ್ನು ಮಾಡಿಸಿ.

ಓಟ, ಚಾರ್ಜಿಂಗ್

ಬ್ಯಾಟರಿ ನೆಕ್ಸಾನ್‌ಗೆ 30.2 ಯೂನಿಟ್, ಜಡ್‌ಎಸ್‌ಗೆ 44.5, ಎಕ್ಸ್‌ಯುವಿ400ಕ್ಕೆ 34.5 ಅಥವಾ 39.4. ಎಸಿ ಹಚ್ಚಿ 80ರ ವೇಗದಲ್ಲಿ 100 ಕಿ.ಮೀ.ಗೆ 15 ಯೂನಿಟ್ ಎಂದು ಹಿಡಿದರೆ ಲೆಕ್ಕ ಸುಲಭ. ಹುಬ್ಬಳ್ಳಿಯಿಂದ ಗದಗ ಹೋಗಿಬರಲು ಸುಮಾರು 120 ಕಿ.ಮೀ., ಹಾವೇರಿಗೆ 150, ಬೆಳಗಾವಿಗೆ 200. ಮೊದಲೆರಡು ನೆಕ್ಸಾನ್‌ಗೂ ಆಗುತ್ತವೆ. ಬೆಳಗಾವಿಗೆ ಹೋದರೆ ನಡುವೆ ಚಾರ್ಜ್ ಬೇಕೇಬೇಕು. ಜಡ್‌ಎಸ್ ಮತ್ತು 39.4ರ ಎಕ್ಸ್‌ಯುವಿಗೆ ಬೇಡ.

ನೆಕ್ಸಾನ್‌ಗೆ ಮನೆಯಲ್ಲಿ 3.3 ಕಿಲೋವ್ಯಾಟ್ ಮಾತ್ರ, ಖಾಲಿಯಿಂದ ತುಂಬಲು ಒಂದು ಇಡೀ ರಾತ್ರಿ. ಜಡ್‌ಎಸ್‌ಗೆ 7.4ರ ಗೋಡೆ ಪೆಟ್ಟಿಗೆ. ಅದಕ್ಕೆ ಕನಿಷ್ಠ 6 ಚದರ ಮಿ.ಮೀ. ತಾಮ್ರದ ವೈರ್, 40 ಆಂಪ್ ಎಂಸಿಬಿ, 30 ಮಿಲಿಆಂಪ್ ಆರ್‌ಸಿಡಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಬೇಕು, ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಏರಿಸಿಕೊಳ್ಳಬೇಕು. ಮೂರಕ್ಕೂ ಇಲ್ಲಿ ಕಾಡುವುದು ಅರ್ಥಿಂಗ್. ಎರಿಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ಥ್ ರಾಡಿನಿಂದ ದೂರ ಸರಿಯುತ್ತದೆ, ಚಾರ್ಜರ್ ಕೆಂಪು ದೀಪ ತೋರಿಸುತ್ತದೆ. ಗಾಡಿ ಕೆಟ್ಟಿತೆಂದು ಸರ್ವಿಸ್‌ಗೆ ಓಡುವ ಮುನ್ನ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಿ. ಅದರಿಂದಲೇ ಸರಿಹೋದರೆ ಬೆಂಟೋನೈಟ್ ತುಂಬಿದ ಗುಂಡಿ ಮಾಡಿಸಿ.

ನೆಕ್ಸಾನ್‌ನ ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದು. ಆಗಾಗ ನಿಧಾನ ಚಾರ್ಜರ್‌ನಲ್ಲಿ ನೂರು ತುಂಬಿಸದಿದ್ದರೆ ಶೇಕಡಾ ಸೂಚನೆ ದಾರಿ ತಪ್ಪುತ್ತದೆ, 15 ತೋರಿಸುತ್ತಿದ್ದದ್ದು ದಿಢೀರನೆ 5ಕ್ಕೆ ಇಳಿಯಬಹುದು. ಉಳಿದೆರಡು ಎನ್‌ಎಂಸಿ ಎಂಬ ಬೇರೆ ಬಗೆಯವು. ಅವಕ್ಕೆ ದಿನಕ್ಕೆ ಶೇಕಡಾ 80 ತುಂಬಿಸಿದರೆ ಸಾಕು.

ನೆಲದಿಂದ ಎತ್ತರ ನೋಡುವಾಗ ಜಡ್‌ಎಸ್‌ನಲ್ಲಿ ಇಸವಿ ಗಮನಿಸಿ. 2020ರದು 161 ಮಿ.ಮೀ., 2021ರ ಫೆಬ್ರುವರಿ ನಂತರದ್ದು 177. ಹಳ್ಳಿ ರಸ್ತೆಯ ಹಂಪ್‌ಗೆ ಮೊದಲನೆಯದು ತುಂಬಿದ ಗಾಡಿಯಲ್ಲಿ ತಳ ಉಜ್ಜುತ್ತದೆ. ನೆಕ್ಸಾನ್‌ನ 205ಕ್ಕೆ ಆ ಚಿಂತೆ ಇಲ್ಲ.

ಬೆಲೆ ಮಾತಾಡುವಾಗ

ಎಕ್ಸ್‌ಯುವಿ400 ಇಎಲ್ 39.4ರ ಷೋರೂಮ್ ಬೆಲೆ 2023ರಲ್ಲಿ 18.99 ಲಕ್ಷ. ಮರುವರ್ಷ ಇಎಲ್ ಪ್ರೊ ಅದೇ ಬ್ಯಾಟರಿಗೆ 17.49 ಲಕ್ಷದ ಆರಂಭಿಕ ಬೆಲೆಯಲ್ಲಿ ಬಂತು. ಮಾರುವವರು ತಮ್ಮ ಬಿಲ್ಲಿನಿಂದ ಸವಕಳಿ ಕಳೆಯುತ್ತಾರೆ, ನೀವು ಪ್ರೊದ ಬೆಲೆಯಿಂದ ಕಳೆಯಿರಿ. ಹಿಂದಿನ ವೆಂಟ್ ಇಲ್ಲದ್ದಕ್ಕೆ ಇನ್ನಷ್ಟು ಇಳಿಸಿ. ಅಷ್ಟಕ್ಕೆ ಒಪ್ಪದಿದ್ದರೆ ಪ್ರೊವನ್ನೇ ಹುಡುಕುವುದು ಜಾಣತನ. ನೆಕ್ಸಾನ್‌ನಲ್ಲೂ ಹೀಗೇ: 2024ರ ಫೆಬ್ರುವರಿಯಲ್ಲಿ ಹೊಸ ನೆಕ್ಸಾನ್ ಇವಿಯ ಬೆಲೆಯನ್ನು 1.2 ಲಕ್ಷದವರೆಗೆ ಇಳಿಸಿದ್ದಾರೆ.

ಮನೆಯ ಹಿರಿಯರು ಹಿಂದೆ ಕೂರುವವರಾದರೆ, ಓಟ ಧಾರವಾಡ-ಗದಗದೊಳಗೇ ಇದ್ದರೆ, ನಮ್ಮ ಮತ ಎಕ್ಸ್‌ಜಡ್ ಪ್ಲಸ್ ನೆಕ್ಸಾನ್‌ಗೆ. ಮುಂದೆ ಇಬ್ಬರೇ ಕೂತು ವಾರಕ್ಕೆರಡು ಸಲ ಬೆಳಗಾವಿ ಮುಟ್ಟುವವರಿಗೆ 2021ರ ಜಡ್‌ಎಸ್.

ಮೂರಕ್ಕೂ ಬ್ಯಾಟರಿ ವಾರಂಟಿ ಎಂಟು ವರ್ಷ. ಕಿಲೋಮೀಟರ್ ಮಿತಿ ಜಡ್‌ಎಸ್‌ಗೆ 1.5 ಲಕ್ಷ, ಉಳಿದೆರಡಕ್ಕೆ 1.6 ಲಕ್ಷ. 2020ರ ಗಾಡಿಯದು 2028ಕ್ಕೆ ತೀರುತ್ತದೆ. ಅದು ಎರಡನೇ ಮಾಲೀಕರಿಗೆ ದಾಟಿದ್ದನ್ನು ಕಾಗದದಲ್ಲಿ ಪಡೆಯಿರಿ. ಮುಂಗಡ ಕೊಡುವ ಮುನ್ನ ಗಾಡಿಯೊಂದಿಗೆ ಬಂದ ಚಾರ್ಜಿಂಗ್ ಕೇಬಲ್ ತೆಗೆಸಿ ಅದರ ಮೂರು ಪಿನ್ ನೋಡಿ. ಪಿನ್ನಿನ ಬುಡ ಕಂದಾಗಿದ್ದರೆ ಸಡಿಲ ಸಾಕೆಟ್‌ನಲ್ಲಿ ವರ್ಷಗಟ್ಟಲೆ ಬಿಸಿಯಾಗಿದೆ ಎಂದರ್ಥ, ಹೊಸ ಕೇಬಲ್ಲಿನ ದುಡ್ಡು ಬೆಲೆಯಲ್ಲಿ ಮುರಿದುಕೊಳ್ಳಿ.