ಸಂಜೆಯ ಒಂದು ಗಂಟೆ: ಪಜಲ್ಲಾ, ಓಪನ್ ಸೋರ್ಸಾ, ಸ್ವಂತ ಪ್ರಾಜೆಕ್ಟಾ?

ಕೆಲಸ ಮುಗಿದ ಮೇಲೆ ದಿನಕ್ಕೆ ಒಂದು ಗಂಟೆ. ಕೋಡಿಂಗ್ ಕಲಿಯೋದಕ್ಕೆ ನನಗೆ ಸಿಗುತ್ತಿದ್ದದ್ದು ಅಷ್ಟೇ. ಮೊದಲ ಆರು ತಿಂಗಳು ಅದನ್ನು ಕೋಡಿಂಗ್ ಪಜಲ್‌ಗಳ ತಾಣವಾದ ಲೀಟ್‌ಕೋಡ್‌ಗೆ ಕೊಟ್ಟೆ. ಮುಂದಿನ ಆರು ತಿಂಗಳು ಒಂದು ಓಪನ್ ಸೋರ್ಸ್ ಲೈಬ್ರರಿಗೆ, ಅಂದರೆ ಯಾರು ಬೇಕಾದರೂ ಓದಿ ತಿದ್ದುಪಡಿ ಕಳಿಸಬಹುದಾದ ಸಿದ್ಧ ಕೋಡಿಗೆ. ಆಮೇಲೆ ಒಂದು ವರ್ಷ ನನ್ನದೇ ಪುಟ್ಟ ಪ್ರಾಜೆಕ್ಟ್‌ಗೆ. ಯಾವುದು ಒಳ್ಳೆಯದು ಅಂತ ಕೇಳಿದರೆ ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ನನ್ನ ಒಲವು ಯಾವ ಕಡೆ ಅನ್ನುವುದನ್ನು ಮುಚ್ಚಿಡುವುದೂ ಇಲ್ಲ.

ಶುರು ಮಾಡೋದಕ್ಕೆ ಪಜಲ್‌ನಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಬ್ರೌಸರ್ ತೆಗೆದರೆ ಆಯಿತು, ಅರ್ಧ ಗಂಟೆಯಲ್ಲಿ ಹಸಿರು ಟಿಕ್ ಬೀಳುತ್ತದೆ. ಆ ಹಸಿರಿನ ಚಟ ಹತ್ತುತ್ತದೆ, ಸುಳ್ಳಲ್ಲ. ಸುಮಾರು 180 ಪ್ರಶ್ನೆ ಬಿಡಿಸಿದೆ. ಒಂದರೊಳಗೊಂದು ಎರಡು ಲೂಪ್ ಕಂಡ ಕಡೆ ಹ್ಯಾಶ್ ಮ್ಯಾಪ್ (ಬೇಕಾದ್ದನ್ನು ನೇರವಾಗಿ ಹುಡುಕಿಕೊಡುವ ಪಟ್ಟಿ) ಇಡಬಹುದಾ ಅಂತ ಯೋಚಿಸುವ ಅಭ್ಯಾಸ ಬಂತು. ಇಂಟರ್‌ವ್ಯೂನಲ್ಲಿ ಕೈ ನಡುಗುವುದು ನಿಂತಿತು. ಆದರೆ ನಾಲ್ಕು ತಿಂಗಳು ಬಿಟ್ಟು ನೋಡಿದರೆ ಡೈನಾಮಿಕ್ ಪ್ರೋಗ್ರಾಮಿಂಗ್ (ಚಿಕ್ಕ ಉತ್ತರಗಳನ್ನು ಉಳಿಸಿಟ್ಟು ದೊಡ್ಡದನ್ನು ಕಟ್ಟುವ ವಿಧಾನ) ಅಷ್ಟೂ ಮಾಯ. ಬಾಯಿಪಾಠದ ಗತಿ ಅದೇ ಅಲ್ವಾ?

ಹಾಗಂತ ಪಜಲ್ ಬರೀ ಆಟ ಅಂದರೆ ತಪ್ಪಾದೀತು. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತ ಹುಡುಕುವ ಬೈನರಿ ಸರ್ಚ್ ಬರೆಯುವಾಗ ನಡುವಿನ ಜಾಗ ಹುಡುಕಲು ಎರಡು ತುದಿಯನ್ನು ಕೂಡಿಸಿ ಎರಡರಿಂದ ಭಾಗಿಸುತ್ತೇವೆ. ಆ ಮೊತ್ತ ಸುಮಾರು 214 ಕೋಟಿ ದಾಟಿದರೆ, ಅದಕ್ಕಿಂತ ದೊಡ್ಡದನ್ನು ಹಿಡಿಯಲಾಗದ 32 ಬಿಟ್‌ನ ಸಂಖ್ಯೆ ಮೈನಸ್‌ಗೆ ಜಾರುತ್ತದೆ. ಜಾವಾ ಭಾಷೆಯ ಸ್ವಂತ ಲೈಬ್ರರಿಯಲ್ಲೇ ಈ ತಪ್ಪು ವರ್ಷಗಟ್ಟಲೆ ಕೂತಿತ್ತು. ಆ ಕೋಡ್ ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದರ ಬಗ್ಗೆ ಬರೆದರು. ಇದನ್ನು ಓದಿದ ಮೇಲೆ ನನ್ನ ಹಸಿರು ಟಿಕ್‌ಗಳ ಮೇಲೆ ನನಗೇ ಸ್ವಲ್ಪ ಅನುಮಾನ ಬಂತು.

ಓಪನ್ ಸೋರ್ಸ್‌ನಲ್ಲಿ ಮೊದಲ ಫಲ ಕಾಣಲು ಏಳು ವಾರ ಹಿಡಿಯಿತು. ಪಜಲ್‌ನ ಅರ್ಧ ಗಂಟೆಯ ಪಕ್ಕದಲ್ಲಿ ಇಟ್ಟು ನೋಡಿ. ಎರಡು ವಾರ, ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟ್‌ಗಳನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದರಲ್ಲೇ ಹೋಯಿತು. ನಾನು ಬದಲಿಸಿದ್ದು ನಾಲ್ಕು ಸಾಲು. ಅದರ ಮೇಲೆ ಲೈಬ್ರರಿ ನೋಡಿಕೊಳ್ಳುವವರು ನಡೆಸಿದ ಚರ್ಚೆ ನಲವತ್ತು ಸಾಲು. 'ಈ ಹೆಸರು ಯಾಕೆ?', 'ಇದಕ್ಕೆ ಟೆಸ್ಟ್ ಎಲ್ಲಿ?', 'ಕಮಿಟ್ ಮೆಸೇಜ್‌ನಲ್ಲಿ (ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿಯಲ್ಲಿ) ಏನು ಮಾಡಿದೆ ಅಂತಿದೆ, ಯಾಕೆ ಅಂತಿಲ್ಲ.' ಮೊದಲ ದಿನ ಸಿಟ್ಟು ಬಂತು. ಮೂರನೆಯ ದಿನ ಓದಿದಾಗ ಅವರು ಹೇಳಿದ್ದೇ ಸರಿ ಅನ್ನಿಸಿತು. ಆಫೀಸಿನಲ್ಲಿ ನನ್ನ ಕೋಡನ್ನು ಅಷ್ಟು ನಿಧಾನವಾಗಿ ಯಾರೂ ಓದಿರಲಿಲ್ಲ.

ನನ್ನ ಬೈನರಿ ಸರ್ಚ್ ನಿಜವಾಗಿ ಕೆಲಸಕ್ಕೆ ಬಂದದ್ದೂ ಅಲ್ಲೇ. ಹಳೆಯ ವರ್ಷನ್‌ನಲ್ಲಿ ಸರಿ ಇದ್ದ ದಿನಾಂಕ ಹೊಸದರಲ್ಲಿ ಕೆಟ್ಟಿತ್ತು. ನಡುವೆ ಸುಮಾರು ಸಾವಿರ ಕಮಿಟ್, ಅಂದರೆ ದಾಖಲಾದ ಬದಲಾವಣೆ. ತಪ್ಪು ತಂದ ಕಮಿಟ್ ಹುಡುಕುವ ಗಿಟ್ ಬೈಸೆಕ್ಟ್ ಆಜ್ಞೆ ಪ್ರತಿ ಸಲವೂ ಅರ್ಧಕ್ಕೆ ಅರ್ಧ ತಳ್ಳಿ ಹಾಕುತ್ತದೆ. ಹತ್ತೇ ಹೆಜ್ಜೆಯಲ್ಲಿ ಕಳ್ಳ ಸಿಕ್ಕಿಬಿದ್ದ. 180 ಪಜಲ್ ಕೊಡದ ಖುಷಿ ಆ ಹತ್ತು ಹೆಜ್ಜೆ ಕೊಟ್ಟಿತು.

ಇನ್ನು ಸ್ವಂತ ಪ್ರಾಜೆಕ್ಟ್. ಮೊದಲೇ ಒಪ್ಪಿಕೊಳ್ಳುತ್ತೇನೆ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ನನ್ನವು ಮೂರು ಸಮಾಧಿಗಳಿವೆ. ಖರ್ಚಿನ ಲೆಕ್ಕ, ಮಾಡಬೇಕಾದ ಕೆಲಸಗಳ ಪಟ್ಟಿ, ಹವಾಮಾನ. ಮೂರೂ ಸತ್ತದ್ದು ಒಂದೇ ರೋಗಕ್ಕೆ: ನಾನೇ ಅವನ್ನು ಬಳಸುತ್ತಿರಲಿಲ್ಲ. ಸುಮ್ನೆ ರೆಸ್ಯುಮೆಗೆ ಅಂತ ಕಟ್ಟಿದವು. ಉಳಿದದ್ದು ನಾಲ್ಕನೆಯದು. ದಿನಾ ಟಿಪ್ಪಣಿ ಬರೆದಿಡುವ ಪುಟ್ಟ ಆ್ಯಪ್, ಪೈಥಾನ್ ಭಾಷೆ ಮತ್ತು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ನಲ್ಲಿ.

ಅದು ಕೊಟ್ಟ ಮೊದಲ ಪೆಟ್ಟು ಕನ್ನಡದ್ದೇ. ಪಟ್ಟಿಯಲ್ಲಿ ಪ್ರತಿ ಟಿಪ್ಪಣಿಯ ಮೊದಲ 80 ಅಕ್ಷರ ತೋರಿಸು ಅಂತ ಬರೆದಿದ್ದೆ. ಒಂದು ಸಾಲು 'ವಿಜ್' ಅಂತ ನಿಂತುಬಿಟ್ಟಿತ್ತು. 'ವಿಜ್ಞಾನ' ನಮ್ಮ ಕಣ್ಣಿಗೆ ಮೂರು ಅಕ್ಷರ. ಪೈಥಾನ್ ಲೆಕ್ಕದಲ್ಲಿ ಏಳು. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದರೆ 21 ಬೈಟ್. ಗುಣಿತದ ಚಿಹ್ನೆಗೆ, ಹಲಂತಕ್ಕೆ, ಒತ್ತಾಗುವ ವ್ಯಂಜನಕ್ಕೆ ಬೇರೆ ಬೇರೆ ಸಂಕೇತ. ನನ್ನ ಕತ್ತರಿ ಒತ್ತಿನ ನಡುವೆ ಬಿದ್ದಿತ್ತು. ಈಗ ಹಿಂದಿನ ಖಾಲಿ ಜಾಗದವರೆಗೆ ಸರಿದು ಕತ್ತರಿಸುತ್ತೇನೆ. ದೊಡ್ಡ ಪರಿಹಾರವೇನಲ್ಲ, ನಡೆಯುತ್ತದೆ.

ಎರಡನೆಯ ಪೆಟ್ಟು ಜೋರಾಗಿಯೇ ಬಿತ್ತು. ಆ್ಯಪ್ ಓಡುತ್ತಿದ್ದಾಗಲೇ ಪ್ರತಿ ರಾತ್ರಿ ಡೇಟಾಬೇಸ್ ಫೈಲ್ ಕಾಪಿ ಮಾಡಿ ಅದನ್ನೇ ಬ್ಯಾಕಪ್ ಅಂದುಕೊಂಡಿದ್ದೆ. ಒಂದು ದಿನ ಡಿಸ್ಕ್ ಕೈಕೊಟ್ಟಿತು. ಬ್ಯಾಕಪ್ ತೆರೆದರೆ ಕೊನೆಯ ಕೆಲವು ದಿನಗಳ ಟಿಪ್ಪಣಿ ಇಲ್ಲ. ಎಸ್‌ಕ್ಯೂಲೈಟ್ ಅನ್ನು ವಾಲ್ (WAL) ಅನ್ನುವ ಮೋಡ್‌ನಲ್ಲಿ ಇಟ್ಟಿದ್ದೆ. ಆಗ ಹೊಸ ಬರಹ ಮೊದಲು ಪಕ್ಕದ ಇನ್ನೊಂದು ಫೈಲ್‌ಗೆ ಹೋಗುತ್ತದೆ. ಅದು ಸಾಮಾನ್ಯವಾಗಿ ಸಾವಿರ ಪೇಜ್ (ಡೇಟಾದ ಪುಟ್ಟ ತುಂಡುಗಳು) ತುಂಬಿದ ಮೇಲೆ ಮೂಲ ಫೈಲ್‌ಗೆ ಸೇರುತ್ತದೆ. ನನ್ನ ಚಿಕ್ಕ ಟಿಪ್ಪಣಿಗಳು ಅಷ್ಟು ತುಂಬಲು ದಿನಗಳೇ ಬೇಕು. ನಾನು ಕಾಪಿ ಮಾಡುತ್ತಿದ್ದದ್ದು ಮೂಲ ಫೈಲ್ ಮಾತ್ರ. ಈಗ ಡೇಟಾಬೇಸ್‌ನ ಪೂರ್ತಿ ಪ್ರತಿ ತೆಗೆಯುವ 'ವ್ಯಾಕ್ಯೂಮ್ ಇನ್‌ಟು' ಆಜ್ಞೆಯಿಂದ ಬ್ಯಾಕಪ್ ತೆಗೆಯುತ್ತೇನೆ. ತಿಂಗಳಿಗೊಮ್ಮೆ ಅದನ್ನು ತೆರೆದೂ ನೋಡುತ್ತೇನೆ.

ಹೊಸ ಕೆಲಸಕ್ಕೆ ಹೋದಾಗ ಮೂರನ್ನೂ ತಕ್ಕಡಿಗೆ ಹಾಕುವ ಅವಕಾಶ ಸಿಕ್ಕಿತು. ಮೊದಲ ಸುತ್ತು ಪೂರ್ತಿ ಪಜಲ್. ಆ 180 ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್. ಓಪನ್ ಸೋರ್ಸ್‌ಗೆ ಕೊಟ್ಟ ಆ ನಾಲ್ಕು ಸಾಲಿನ ಪ್ಯಾಚ್‌ನ ಲಿಂಕ್ ಅನ್ನು ಒಬ್ಬರು ಮಾತ್ರ ತೆರೆದಿದ್ದರು, ಅವರೂ ಅಲ್ಲಿನ ಚರ್ಚೆಯನ್ನೇ ಓದಿದ್ದರು, ಕೋಡ್ ಅಲ್ಲ. ಕೊನೆಯ ಸುತ್ತಿನಲ್ಲಿ ಬ್ಯಾಕಪ್ ಕಥೆ ಹೇಳಿದೆ. ಇಪ್ಪತ್ತು ನಿಮಿಷ ಅದರ ಮೇಲೇ ಮಾತು.

ಹಾಗಾಗಿ ಇಂಟರ್‌ವ್ಯೂ ತಾರೀಖು ಗೊತ್ತಾಗಿದ್ದರೆ ಆರು ವಾರ ಪಜಲ್ ಮಾಡಿ, ಬೇರೆ ಏನೂ ಬೇಡ. ತಂಡದಲ್ಲಿ ನಿಮ್ಮ ಕೋಡನ್ನು ಯಾರೂ ಸರಿಯಾಗಿ ಓದುತ್ತಿಲ್ಲ ಅನ್ನಿಸಿದರೆ ಓಪನ್ ಸೋರ್ಸ್‌ಗೆ ಹೋಗಿ, ಆದರೆ ತಾಳ್ಮೆ ಜಾಸ್ತಿ ಬೇಕು. ಈ ಎರಡೂ ಅವಸರ ಇಲ್ಲದಿದ್ದರೆ ನನ್ನ ಓಟು ಸ್ವಂತ ಪ್ರಾಜೆಕ್ಟ್‌ಗೆ, ಅದನ್ನು ನೀವೇ ದಿನಾ ಬಳಸುವ ಹಾಗಿದ್ದರೆ ಮಾತ್ರ.

ಮೊನ್ನೆಯಿಂದ ಆ ಆ್ಯಪನ್ನು ಒಬ್ಬ ಗೆಳೆಯನೂ ಬಳಸುತ್ತಿದ್ದಾನೆ. ಅವನಿಗೆ ಫೋನ್‌ನಲ್ಲೂ ಬೇಕಂತೆ. ಒಂದೇ ಟಿಪ್ಪಣಿಯನ್ನು ಫೋನ್‌ನಲ್ಲೊಮ್ಮೆ, ಲ್ಯಾಪ್‌ಟಾಪ್‌ನಲ್ಲೊಮ್ಮೆ ತಿದ್ದಿದರೆ ಯಾವುದನ್ನು ಇಟ್ಟುಕೊಳ್ಳಬೇಕು? ಈಗ ಸಂಜೆಯ ಗಂಟೆ ಪೂರ್ತಿ ಅದಕ್ಕೇ ಹೋಗುತ್ತಿದೆ.