ಮಳೆಗಾಲದಲ್ಲಿ ಬಳಸಿ ನೋಡಿದ ಹತ್ತಿಯ ಬಲೆಚೀಲಗಳು

ಬದಿಯಡ್ಕ ಪೇಟೆಯ ಅಂಗಡಿಯೊಂದರಿಂದ ಜೂನ್ ಮೊದಲ ವಾರ ತಂದ ಆರು ಹತ್ತಿ ಬಲೆಚೀಲಗಳ ಕಟ್ಟನ್ನು ನಾಲ್ಕು ತಿಂಗಳು ನಿತ್ಯವೂ ಬಳಸಿದ ಬಳಿಕ ಇದನ್ನು ಬರೆಯುತ್ತಿದ್ದೇನೆ. ಹೊಲಿಗೆ ಗಟ್ಟಿಯಾಗಿದೆ, 2 ಕಿಲೋ ಬಟಾಟೆ ತುಂಬಿ ತೂಗುಹಾಕಿದರೂ ಬಾಯಿಯ ದಾರ ಜಗ್ಗಿಲ್ಲ.

ನೀರುಳ್ಳಿ ಮತ್ತು ಬಟಾಟೆಗಳಿಗೆ ಇವು ನಿಜಕ್ಕೂ ಉಪಕಾರಿ. ಹಿಂದೆ ನಮ್ಮ ಮನೆಯಲ್ಲಿ ಎರಡನ್ನೂ ಒಂದೇ ಬುಟ್ಟಿಗೆ ಸುರಿಯುತ್ತಿದ್ದುದರಿಂದ, ಬಟಾಟೆ ಬಿಡುವ ತೇವಕ್ಕೆ ಆಟಿ ತಿಂಗಳ ಥಂಡಿಯೂ ಸೇರಿಕೊಂಡು ನೀರುಳ್ಳಿ ಬೇಗನೆ ಮೆತ್ತಗಾಗಿ ಕೊಳೆಯುತ್ತಿತ್ತು. ಈ ವರ್ಷ ನೀರುಳ್ಳಿಯ ಚೀಲವನ್ನು ಗಾಳಿಯಾಡುವ ಚಾವಡಿಯಲ್ಲಿಯೂ, ಬೆಳಕು ತಾಗಿದರೆ ಹಸಿರಾಗಿ ವಿಷಾಂಶ ಹೆಚ್ಚುವ ಬಟಾಟೆಯ ಚೀಲವನ್ನು ಉಗ್ರಾಣದ ಕತ್ತಲೆ ಮೂಲೆಯಲ್ಲಿಯೂ ತೂಗುಹಾಕಿದ್ದರಿಂದ ಎರಡೂ ಕೆಡದೆ ಉಳಿದವು. ನಮ್ಮ ಹಿರಿಯರು ಮಂಗಳೂರು ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಾಗದಂತೆ ಮಾಡಿನಡಿಯಲ್ಲಿ ಇಳಿಬಿಟ್ಟು ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತಿದ್ದುದೂ ಹೀಗೆಯೇ.

ನನ್ನ ಆಕ್ಷೇಪವಿರುವುದು ಕಟ್ಟಿನ ಮೇಲೆ ಅಚ್ಚು ಹಾಕಿದ ಭರವಸೆಯ ಬಗ್ಗೆ. ಬೇರೆ ಬೇರೆ ಚೀಲಗಳಲ್ಲಿಟ್ಟರೆ ಎಲ್ಲ ಹಣ್ಣು ತರಕಾರಿಗಳನ್ನೂ ಒಂದೇ ಕಡೆ ಇಡಬಹುದು ಎಂದು ಅಲ್ಲಿ ಬರೆದಿದ್ದಾರೆ. ಹಣ್ಣಾಗುವ ಬಾಳೆ, ಪಪ್ಪಾಯಿ, ಟೊಮೆಟೊಗಳಿಂದ ಹೊರಬಂದು ಪಕ್ಕದ ಕಾಯಿಗಳನ್ನೂ ಬೇಗ ಮಾಗಿಸುವ ಎಥಿಲೀನ್ ಅನಿಲಕ್ಕೆ ಬಲೆಯ ಕಣ್ಣುಗಳು ಯಾವ ತಡೆಯೂ ಅಲ್ಲ. ನೇಂದ್ರ ಬಾಳೆಹಣ್ಣಿನ ಪಕ್ಕದಲ್ಲಿ ತೂಗಿಸಿದ ಮುಳ್ಳುಸೌತೆ, ಅದೇ ದಿನ ಕೊಯ್ದು ಬೇರೆ ಕೋಣೆಯಲ್ಲಿಟ್ಟದ್ದಕ್ಕಿಂತ ಮೊದಲೇ ಹಳದಿಯಾಯಿತು. ಹಸಿ ಮೀನು ತರುವ ಮನೆಯವರು ಇನ್ನೂ ಎಚ್ಚರದಿಂದಿರಬೇಕು: ಫ್ರಿಜ್ಜಿನಲ್ಲಿ ಮೀನಿನ ನೀರು ತರಕಾರಿಯ ಮೇಲೆ ಸೋರಿದರೆ ಈ ಚೀಲ ಅದನ್ನು ತಡೆಯದು, ಮೀನು ಮುಚ್ಚಿದ ಡಬ್ಬಿಯಲ್ಲಿ, ತರಕಾರಿಗಿಂತ ಕೆಳಗೆ ಇರಲೇಬೇಕು.

ಹರಿವೆ, ಬಸಳೆಗಳಿಗಂತೂ ಈ ಚೀಲ ಸಲ್ಲದು. ಫ್ರಿಜ್ಜಿನ ಒಣಗಾಳಿಗೆ ಸೊಪ್ಪು ಮರುದಿನವೇ ಬಾಡಿತು. ತೆಳುವಾದ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದು ಹೆಚ್ಚು ದಿನ ಬಾಳಿತು.

ಮಳೆ ಬಿಡದ ದಿನಗಳಲ್ಲಿ ಒಗೆದ ಚೀಲಗಳು ಬೇಗ ಒಣಗುವುದಿಲ್ಲ. ಒಮ್ಮೆ ಅರೆ ಒಣಗಿದ ಚೀಲದಲ್ಲಿ ಬೆಂಡೆಕಾಯಿ ತುಂಬಿದ್ದರಿಂದ ಬಟ್ಟೆಗೂ ಕಾಯಿಗೂ ಕಪ್ಪು ಬೂಷ್ಟು ಹಿಡಿದು, ಎರಡನ್ನೂ ಎಸೆಯಬೇಕಾಯಿತು. ಈಗ ಉಳಿದ ಐದನ್ನು ಒಗೆದ ಮೇಲೆ ಒಲೆಯ ಬಿಸಿ ತಾಗುವ ಅಟ್ಟದಲ್ಲಿ ಎರಡು ದಿನ ಹರಡಿಟ್ಟು, ಗರಿಗರಿಯಾದ ನಂತರವೇ ತುಂಬುತ್ತೇನೆ.