ಡ್ರೈ ಫುಡ್ ಬಿಡದ ಬೆಕ್ಕಿಗೆ ಗ್ರೇವಿಯೋ, ಟಿನ್ನೋ, ಮನೆ ಅಡುಗೆಯೋ?

ಮಳೆಗಾಲ ಶುರುವಾಯಿತೆಂದರೆ ಮಡಿಕೇರಿಯಲ್ಲಿ ನಮ್ಮ ಬೆಕ್ಕು ಕರಿಯ ನೀರಿನ ಬಟ್ಟಲ ಕಡೆ ತಿರುಗಿಯೂ ನೋಡುವುದಿಲ್ಲ. ತಿನ್ನುವುದು ಬರೀ ಡ್ರೈ ಫುಡ್, ಅದೂ ಒಂದೇ ರುಚಿಯದು. ಡ್ರೈ ಫುಡ್‌ನಲ್ಲಿ ನೀರಿನಂಶ ಶೇಕಡಾ 10ರಷ್ಟು ಮಾತ್ರ, ಪೌಚ್, ಟಿನ್‌ಗಳಲ್ಲಿ ಬರುವ ಮೆತ್ತನೆಯ ವೆಟ್ ಫುಡ್‌ನಲ್ಲಿ 75ರಿಂದ 80. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು. ಅದು ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಅಪಾಯ. ಹಾಗಾಗಿ ಅವನನ್ನು ವೆಟ್ ಫುಡ್‌ಗೆ ತರಲೇಬೇಕು ಅಂತ ಒಂದೊಂದೇ ದಾರಿ ಹಿಡಿದು ನೋಡಿದೆ. ನನ್ನ ಲೆಕ್ಕದಲ್ಲಿ ಗೆದ್ದಿದ್ದು ಗ್ರೇವಿ ಪೌಚ್.

ಎಲ್ಲಕ್ಕಿಂತ ಅಗ್ಗದ ದಾರಿ ಅದೇ ಡ್ರೈ ಫುಡ್ ಅನ್ನು ಬಿಸಿನೀರಲ್ಲಿ ನೆನೆಸುವುದು. ಕೆಲವು ಬೆಕ್ಕುಗಳು ಒಪ್ಪುತ್ತವೆ. ಕರಿಯನಿಗೆ ಕಟುಂ ಅನ್ನುವ ಸದ್ದೇ ಬೇಕು, ಮೆತ್ತಗಾದದ್ದನ್ನು ಮೂಸಿ ಬಿಟ್ಟ. ನೆನೆಸಿದ್ದು ಬೇಗ ಹಳಸುತ್ತದೆ ಬೇರೆ.

ಪೌಚ್‌ಗೆ ಬಂದರೆ ಜೆಲ್ಲಿ ಮತ್ತು ಗ್ರೇವಿ ಎರಡನ್ನೂ ಇಟ್ಟು ನೋಡಿದೆ. ನಮ್ಮ ಚಳಿಗೆ ಜೆಲ್ಲಿ ಗಟ್ಟಿಯಾಗಿ ಕೂರುತ್ತದೆ, ವಾಸನೆ ಏಳುವುದಿಲ್ಲ. ಬೆಕ್ಕು ಊಟ ಆರಿಸುವುದು ಮೂಗಿನಿಂದ, ಅಲ್ವಾ? ಗ್ರೇವಿ ಪೌಚನ್ನು ಒಡೆಯುವ ಮುಂಚೆ ಹಂಡೆಯ ಬಿಸಿನೀರಲ್ಲಿ ಐದು ನಿಮಿಷ ಮುಳುಗಿಸಿಟ್ಟರೆ ಉಗುರು ಬೆಚ್ಚಗಾಗುತ್ತದೆ. ಕರೆಂಟ್ ಇಲ್ಲದಿದ್ದರೂ ನಡೆಯುತ್ತದೆ. ಆ ಘಮಕ್ಕೆ ಕರಿಯ ಎದ್ದು ಬಂದ. ಆದರೆ ರಸ ಮಾತ್ರ ನೆಕ್ಕಿ, ಮಾಂಸದ ತುಂಡುಗಳನ್ನು ತಟ್ಟೆಯ ಅಂಚಿಗೆ ತಳ್ಳಿಟ್ಟ! ಅದಕ್ಕೆ ತುಂಡುಗಳನ್ನು ಚಮಚದ ಹಿಂಬದಿಯಿಂದ ಹಿಸುಕಿ ರಸದಲ್ಲೇ ಕಲಸಿದೆ. ಅವನ ಹಳೇ ಡ್ರೈ ಫುಡ್ ಅನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಮೇಲೆ ಉದುರಿಸಿದೆ. ಗೊತ್ತಿರುವ ವಾಸನೆ ಮೇಲೆ, ಹೊಸದು ಕೆಳಗೆ. ಅಲ್ಲಿಂದ ಮುಂದೆ ತಟ್ಟೆ ಖಾಲಿಯಾಗತೊಡಗಿತು. ಪುಡಿಯನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬಂದೆ.

ಟಿನ್‌ನಲ್ಲಿ ಬರುವ ನುಣ್ಣನೆಯ ಮುದ್ದೆ ಎರಡನೇ ಸ್ಥಾನ. ಬೆಚ್ಚಗಿನ ನೀರು ಹಾಕಿ ಗಂಜಿಯ ಹದಕ್ಕೆ ತಂದರೆ ಚೆನ್ನಾಗಿಯೇ ಕುಡಿಯುತ್ತಾನೆ, ನೀರೂ ಜಾಸ್ತಿ ಹೋಗುತ್ತದೆ. ತೊಂದರೆ ಇರುವುದು ಉಳಿದದ್ದನ್ನು ಇಡುವುದರಲ್ಲಿ. ಒಡೆದ ಟಿನ್ ಫ್ರಿಜ್‌ನಲ್ಲಿರಬೇಕು, ಅಲ್ಲೂ ಎರಡು ಮೂರು ದಿನ ಅಷ್ಟೇ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಫ್ರಿಜ್ ನಂಬುವಂತಿಲ್ಲ. ಎರಡು ಮೂರು ಬೆಕ್ಕು ಇರುವ ಮನೆಗೆ ಟಿನ್ನೇ ಲಾಭ.

ಇನ್ನು ಮನೆ ಅಡುಗೆ. "ಸುಮ್ನೆ ಎರಡು ಮತ್ತಿ ಮೀನು ಬೇಯಿಸಿ ಹಾಕಿ ಅಕ್ಕ, ಅದಕ್ಕೆಲ್ಲಾ ಯಾಕೆ ದುಡ್ಡು" ಅಂತ ಪಕ್ಕದ ಮನೆಯ ಹುಡುಗಿ ಹೇಳುತ್ತಲೇ ಇರುತ್ತಾಳೆ. ರುಚಿಯಲ್ಲಿ ಇದನ್ನು ಮೀರಿಸಲು ಆಗುವುದಿಲ್ಲ, ನಿಜ. ಶುಕ್ರವಾರ ಸಂತೆಯಿಂದ ಮೀನು ತಂದರೆ ಕರಿಯ ಚೀಲ ಇಳಿಸಲೂ ಬಿಡುವುದಿಲ್ಲ. ಆದರೆ ಬೇಯಿಸಿದ ಕೋಳಿ, ಮೀನು ಅಷ್ಟನ್ನೇ ದಿನವೂ ಕೊಟ್ಟರೆ ಕ್ಯಾಲ್ಸಿಯಂ ಸಾಲದು, ಬೆಕ್ಕಿಗೆ ಊಟದಿಂದಲೇ ಸಿಗಬೇಕಾದ ಟೌರಿನ್ ಅನ್ನುವ ಪೋಷಕಾಂಶ ಕೂಡ ಕಡಿಮೆ ಬೀಳಬಹುದು. ಟೌರಿನ್ ಕೊರತೆಯಿಂದ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಸಿ ಮೀನು ಬೇಡವೇ ಬೇಡ, ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಹಾಳುಮಾಡುವ ಅಂಶವಿರುತ್ತದೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ತೆಗೆದೇ ಕೊಡಬೇಕು. ನಮ್ಮ ಊಟದಲ್ಲಿ ಉಳಿದ ಪಂದಿ ಕರಿಯೂ (ಹಂದಿ ಮಾಂಸದ ಸಾರು) ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ನಾನು ಮಾಡುವುದಿಷ್ಟೇ: ಉಪ್ಪು, ಮಸಾಲೆ ಏನೂ ಹಾಕದೆ ಕೋಳಿ ಬೇಯಿಸಿದ ನೀರನ್ನು ಒಂದೆರಡು ಚಮಚ ಪೌಚ್ ಮೇಲೆ ಹಾಕುತ್ತೇನೆ.

ಯಾವುದನ್ನೇ ಆರಿಸಿ, "ಹಸಿವಾದರೆ ತಾನಾಗಿ ತಿನ್ನುತ್ತೆ" ಅಂತ ಮಾತ್ರ ಕೂರಬೇಡಿ. ನಾಯಿಗೆ ಹೇಳುವ ಆ ಮಾತು ಬೆಕ್ಕಿಗೆ ಹೊಂದುವುದಿಲ್ಲ. ಊಟ ಬಿಟ್ಟ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಲಿವರ್‌ನಲ್ಲಿ ಕೆಲವೇ ದಿನದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಇಡೀ ದಿನ ಏನೂ ಮುಟ್ಟದಿದ್ದರೆ ಹಳೇ ಡ್ರೈ ಫುಡ್ ಕೊಟ್ಟುಬಿಡಿ. ಅದನ್ನೂ ಬಿಟ್ಟರೆ ಡಾಕ್ಟರ ಹತ್ತಿರ ಹೋಗಿ. ದಿನವಿಡೀ ಬಟ್ಟಲು ತುಂಬಿಡುವ ಬದಲು ಹೊತ್ತಿಗೆ ಸರಿಯಾಗಿ ಊಟ ಇಟ್ಟು, ಅರ್ಧ ಗಂಟೆಗೆ ತೆಗೆದರೆ ಸಾಕು, ಮುಂದಿನ ಹೊತ್ತಿಗೆ ಹಸಿವಿರುತ್ತದೆ. ವಾರ, ಹತ್ತು ದಿನದಲ್ಲಿ ಬದಲಾಯಿಸಿ ಅನ್ನುವುದು ವಾಡಿಕೆ. ಹಟದ ಬೆಕ್ಕಿಗೆ ಅದು ಸಾಲುವುದಿಲ್ಲ, ವಾರಗಟ್ಟಲೆ ಬೇಕು.

ಖರ್ಚಿನ ಮಾತೂ ಇದೆ. 100 ಗ್ರಾಂ ಡ್ರೈ ಫುಡ್‌ನಲ್ಲಿ 350ರಿಂದ 400 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ವೆಟ್ ಫುಡ್‌ನಲ್ಲಿ ಸಾಮಾನ್ಯವಾಗಿ 70ರಿಂದ 100. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ 200 ಕ್ಯಾಲೊರಿ ಮೇಲೆಯೇ ಬೇಕು, ಅಂದರೆ ಒಂದು ಪೌಚ್‌ನಿಂದ ಹೊಟ್ಟೆ ತುಂಬುವುದಿಲ್ಲ. ಪೂರ್ತಿ ಪೌಚ್ ಮೇಲೇ ಸಾಕುವುದು ನಮ್ಮ ಕೈಲಾಗದು. ಅದಕ್ಕೇ ಕರಿಯನಿಗೆ ಬೆಳಿಗ್ಗೆ, ಸಂಜೆ ಗ್ರೇವಿ, ರಾತ್ರಿಗೆ ಸ್ವಲ್ಪ ಡ್ರೈ ಫುಡ್. ಲಿಟರ್ ಬಾಕ್ಸ್‌ನಲ್ಲಿ, ಅಂದರೆ ಅವನ ಶೌಚದ ಮರಳಿನ ಡಬ್ಬಿಯಲ್ಲಿ, ಮೂತ್ರಕ್ಕೆ ಕಟ್ಟುವ ಉಂಡೆಗಳು ಮೊದಲಿಗಿಂತ ದೊಡ್ಡದಾಗಿವೆ, ನೀರು ಒಳಗೆ ಹೋಗುತ್ತಿದೆ ಅಂತ ನನಗೆ ಗೊತ್ತಾಗಿದ್ದೇ ಅದರಿಂದ.

ಹೊಸದಾಗಿ ಶುರುಮಾಡುವವರು ಒಂದೇ ರುಚಿಯ ಬಾಕ್ಸ್ ತರಬೇಡಿ. ಬೇರೆ ಬೇರೆ ರುಚಿಯ ಬಿಡಿ ಪೌಚ್ ತನ್ನಿ, ಮೇಲೆ 'ಕಂಪ್ಲೀಟ್' (ಪೂರ್ತಿ ಪೋಷಣೆಯ ಊಟ) ಅಂತ ಬರೆದಿದೆಯಾ ನೋಡಿಕೊಳ್ಳಿ. 'ಟ್ರೀಟ್' ಅಂತ ಇರುವುದು ಊಟವಲ್ಲ.